ಪದ ಯಾವ ವರ್ಗ, ಕ್ರಿಯೆ ಯಾವ ಕಾಲ: ಇಂಗ್ಲಿಷ್ ವಾಕ್ಯ ಬಿಡಿಸುವ ದಾರಿ

ಮಡಿಕೇರಿಯ ಹೈಸ್ಕೂಲು ಮಕ್ಕಳು, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ತಾಯಂದಿರು, ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾದ ಹೋಂಸ್ಟೇಯವರು, ಎಲ್ಲರೂ ಮತ್ತೆ ಮತ್ತೆ ಕೇಳುವುದು ಎರಡು ಪ್ರಶ್ನೆ. 'ವಾಟರ್' ನೌನ್ ಅಂತ ಕಲಿತಿದ್ದೆವು, ಇಲ್ಲಿ ವರ್ಬ್ ಅಂತ ಉತ್ತರ ಕೊಟ್ಟಿದ್ದಾರಲ್ಲ, ಯಾಕೆ? ವಾಕ್ಯದಲ್ಲಿ 'ಹ್ಯಾಸ್' ಇದ್ದರೂ ಇದು ಪರ್ಫೆಕ್ಟ್ ಟೆನ್ಸ್ ಅಲ್ಲ ಅಂತಾರಲ್ಲ, ಹೇಗೆ?

ಎರಡಕ್ಕೂ ಬೇರು ಒಂದೇ. ಕನ್ನಡದಲ್ಲಿ ಪದ ತನ್ನ ಗುರುತನ್ನು ಬಾಲದಲ್ಲೇ ಕಟ್ಟಿಕೊಂಡಿರುತ್ತದೆ. 'ನೀರನ್ನು' ಅಂದರೆ ನಾಮಪದ, 'ನೀರುಣಿಸಿದರು' ಅಂದರೆ ಕ್ರಿಯಾಪದ. ವಾಕ್ಯದಲ್ಲಿ ಎಲ್ಲಿಟ್ಟರೂ ಗೊಂದಲವಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಆಡುವವರಿಗೂ ಇದೇ ಅಭ್ಯಾಸ, ಅವೂ ಪ್ರತ್ಯಯವನ್ನು ಪದದ ಕೊನೆಗೆ ಅಂಟಿಸುವ ಭಾಷೆಗಳೇ. ಇಂಗ್ಲಿಷ್ ಪದಕ್ಕೆ ಬಹಳ ಸಲ ಆ ಬಾಲ ಇರುವುದಿಲ್ಲ. ಅದು ಕೂತ ಜಾಗ ನೋಡಿ ವರ್ಗ ಹೇಳಬೇಕು. ಹಾಗಾಗಿ ಈ ಲೇಖನದುದ್ದಕ್ಕೂ ನಾನು ಒತ್ತಿ ಹೇಳುವುದು ಇಷ್ಟೇ: ಪದದ ಅರ್ಥ ಹಿಡಿದು ಹೊರಡಬೇಡಿ, ಜಾಗ ಹಿಡಿದು ಹೊರಡಿ.

ಬೇಕಾದ ಸಾಮಾನು

ಒಂದು ಗೆರೆ ಪುಸ್ತಕ, ಪೆನ್ಸಿಲ್, ಎರಡು ಬಣ್ಣದ ಪೆನ್ನು, ಒಂದು ಇಂಗ್ಲಿಷ್–ಕನ್ನಡ ನಿಘಂಟು. ಇಲ್ಲಿ ಉದಾಹರಣೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಒಂದೊಂದನ್ನೂ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಪದದ ಮೇಲೆ ಗುರುತು ಹಾಕಲು ಆ ಖಾಲಿ ಸಾಲು ಬೇಕು.

ಶಾಲೆಯ ವ್ಯಾಕರಣದಲ್ಲಿ ವರ್ಗ ಎಂಟು. ನೌನ್ ಎಂದರೆ ನಾಮಪದ, ಪ್ರೋನೌನ್ ಸರ್ವನಾಮ, ವರ್ಬ್ ಕ್ರಿಯಾಪದ, ಅಡ್ಜೆಕ್ಟಿವ್ ವಿಶೇಷಣ, ಅಡ್ವರ್ಬ್ ಕ್ರಿಯಾವಿಶೇಷಣ. ನಾಮಪದದ ಮುಂಚೆ ಬಂದು ನಮ್ಮ ವಿಭಕ್ತಿಯ ಕೆಲಸ ಮಾಡುವುದು ಪ್ರಿಪೊಸಿಷನ್, ಎರಡನ್ನು ಜೋಡಿಸುವುದು ಕಂಜಂಕ್ಷನ್, ಅಯ್ಯೋ, ಅಬ್ಬಾ ಎಂಬಂಥ ಉದ್ಗಾರ ಇಂಟರ್ಜೆಕ್ಷನ್. 'ಎ', 'ಆನ್', 'ದಿ' ಎಂಬ ಆರ್ಟಿಕಲ್‌ಗಳನ್ನು ಹಳೆಯ ಪುಸ್ತಕಗಳು ಅಡ್ಜೆಕ್ಟಿವ್ ಜೊತೆ ಸೇರಿಸುತ್ತವೆ, ಹೊಸವು ಡಿಟರ್ಮಿನರ್ ಎಂದು ಬೇರೆ ಇಡುತ್ತವೆ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕ ಹೇಳಿದ್ದನ್ನೇ ಬರೆಯಿರಿ.

1. ಮೊದಲು ವರ್ಬ್ ಹುಡುಕಿ

ಹೆಚ್ಚಿನವರು ವಾಕ್ಯದ ಮೊದಲ ಪದದಿಂದ ಗುರುತು ಹಾಕುತ್ತಾ ಹೋಗುತ್ತಾರೆ. ಅದನ್ನು ಬಿಡಿ. ವರ್ಬ್ ಸಿಕ್ಕರೆ ಮಿಕ್ಕ ಪದಗಳ ಜಾಗ ತಾನಾಗಿ ತಿಳಿಯುತ್ತದೆ.

ಹುಡುಕುವ ಉಪಾಯ ಸುಲಭ. ವಾಕ್ಯವನ್ನು ಇವತ್ತಿನಿಂದ ನಿನ್ನೆಗೆ ತಳ್ಳಿ. ಯಾವ ಪದ ರೂಪ ಬದಲಿಸಿತೋ ಅದೇ ವರ್ಬ್. 'ದಿ ರೈಟರ್ ಚೆಕ್ಸ್ ದಿ ಬ್ಯಾಗ್ಸ್ ಎವ್ರಿ ಈವ್ನಿಂಗ್' ಎಂಬುದನ್ನು ತೆಗೆದುಕೊಳ್ಳಿ. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ನಿನ್ನೆಗೆ ತಳ್ಳಿದರೆ 'ಚೆಕ್ಸ್' ಹೋಗಿ 'ಚೆಕ್ಡ್' ಆಗುತ್ತದೆ, ಬೇರೆ ಯಾವುದೂ ಅಲುಗುವುದಿಲ್ಲ. 'ಬ್ಯಾಗ್ಸ್' ಕೊನೆಗೂ ಎಸ್ ಅಕ್ಷರವಿದೆ, ಆದರೆ ಅದು ಬಹುವಚನದ ಎಸ್.

ಇಲ್ಲಿ ಎಡವುವ ಕಡೆಗಳು ನಾಲ್ಕು.

ಐಎನ್‌ಜಿ ಬಾಲ ಕಂಡ ಕೂಡಲೇ ವರ್ಬ್ ಎನ್ನುವುದು ಮೊದಲನೆಯದು. 'ಪಿಕಿಂಗ್ ಕಾಫಿ ಈಸ್ ಹಾರ್ಡ್ ವರ್ಕ್' ವಾಕ್ಯವನ್ನು ನಿನ್ನೆಗೆ ತಳ್ಳಿದರೆ 'ಈಸ್' ಹೋಗಿ 'ವಾಸ್' ಆಗುತ್ತದೆ, 'ಪಿಕಿಂಗ್' ಹಾಗೇ ಉಳಿಯುತ್ತದೆ. ಅದು ಇಲ್ಲಿ 'ಕೊಯ್ಯುವುದು' ಎಂಬ ನಾಮಪದದ ಕೆಲಸ ಮಾಡುತ್ತಿದೆ. ಇದಕ್ಕೆ ಜೆರಂಡ್ ಎಂಬ ಹೆಸರು. ಪಕ್ಕದಲ್ಲಿ 'ಈಸ್', 'ವಾಸ್' ಥರದ ಸಹಾಯಕ ಪದವಿಲ್ಲದ ಐಎನ್‌ಜಿ ರೂಪ ಒಂದೇ ವಾಕ್ಯದ ಮುಖ್ಯ ವರ್ಬ್ ಆಗಲಾರದು. 'ಟು ಪಿಕ್' ಎಂಬ ರೂಪಕ್ಕೂ ಇದೇ ನಿಯಮ.

ಎರಡನೆಯದು 'ಪುಟ್', 'ಕಟ್', 'ಶಟ್', 'ಹಿಟ್' ಪದಗಳು. ನಿನ್ನೆಗೆ ತಳ್ಳಿದರೂ ಇವು ಬದಲಾಗುವುದಿಲ್ಲ. ಆಗ ಕರ್ತೃವಿನ ಜಾಗದಲ್ಲಿ 'ಹೀ' ಇಟ್ಟು ನೋಡಿ: ವರ್ತಮಾನವಾದರೆ 'ಹೀ ಪುಟ್ಸ್' ಆಗಲೇಬೇಕು. 'ಹೀ ಪುಟ್' ಎಂದೇ ಇದ್ದರೆ ಅದು ಭೂತಕಾಲ.

ಮೂರನೆಯದು ಒಂದಕ್ಕಿಂತ ಹೆಚ್ಚು ವರ್ಬ್ ಇರುವ ಉದ್ದ ವಾಕ್ಯ. ನಿನ್ನೆಗೆ ತಳ್ಳಿದಾಗ ಎಷ್ಟು ಕಡೆ ಬದಲಾಯಿತು ಎಂದು ಎಣಿಸಿ, ಅಷ್ಟಕ್ಕೂ ಗೆರೆ ಎಳೆಯಿರಿ.

ನಾಲ್ಕನೆಯದು ನಮ್ಮ ಭಾಷೆಯಿಂದಲೇ ಬಂದದ್ದು. 'ಇದು ನಮ್ಮ ತೋಟ' ಎಂಬಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ಣ ವಾಕ್ಯ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. 'ದಿಸ್ ಈಸ್ ಅವರ್ ಎಸ್ಟೇಟ್' ಎಂದೇ ಹೇಳಬೇಕು. 'ಈಸ್', 'ಆಮ್', 'ಆರ್' ಯಾವ ಕೆಲಸವನ್ನೂ ತೋರಿಸುವುದಿಲ್ಲವಲ್ಲ ಎಂದು ಅವನ್ನು ಬಿಟ್ಟುಬಿಡಬೇಡಿ. ಅವೂ ವರ್ಬ್‌ಗಳೇ.

2. ನೌನ್ ಮತ್ತು ಪ್ರೋನೌನ್

ವರ್ಬ್ ಸಿಕ್ಕಿತು. ಈಗ ಅದರ ಮುಂದೆ 'ಯಾರು' ಅಥವಾ 'ಏನು' ಎಂಬ ಪ್ರಶ್ನೆ ಇಡಿ. ಯಾರು ಚೆಕ್ ಮಾಡಿದ್ದು? ರೈಟರ್. ಏನನ್ನು? ಬ್ಯಾಗ್ಸ್. ಎರಡೂ ನೌನ್. ಅನುಮಾನ ಉಳಿದರೆ ಪದದ ಮುಂಚೆ 'ದಿ' ಅಥವಾ 'ಮೈ' ಕೂರುತ್ತದೆಯೇ ನೋಡಿ. ಊರಿನ ಹೆಸರು, ಮನುಷ್ಯರ ಹೆಸರಿಗೆ ಈ ಪರೀಕ್ಷೆ ಬೇಡ, ಅವು ನೌನ್ ಎಂಬುದರಲ್ಲಿ ಅನುಮಾನವಿಲ್ಲ.

ಈಗ 'ವಾಟರ್' ಪ್ರಶ್ನೆಗೆ ಬರೋಣ. 'ದಿ ವಾಟರ್ ಈಸ್ ಕೋಲ್ಡ್' ಎಂಬಲ್ಲಿ ಮುಂಚೆ 'ದಿ' ಇದೆ, ನಂತರ ವರ್ಬ್ ಇದೆ, ಆದ್ದರಿಂದ ನೌನ್. 'ದೇ ವಾಟರ್ ದಿ ನರ್ಸರಿ ಎವ್ರಿ ಮಾರ್ನಿಂಗ್' ಎಂಬಲ್ಲಿ ನಿನ್ನೆಗೆ ತಳ್ಳಿದರೆ 'ವಾಟರ್ಡ್' ಆಗುತ್ತದೆ; ಆದ್ದರಿಂದ ವರ್ಬ್. ಕಾಫಿ ಕಣದ ಮಾತಿನಲ್ಲಿ 'ಡ್ರೈ' ಕೂಡ ಹೀಗೆಯೇ. ಚೆರ್ರಿ ಅಂದರೆ ಕಾಫಿ ಹಣ್ಣು. 'ದೇ ಡ್ರೈ ದಿ ಚೆರ್ರಿ' ಎಂಬಲ್ಲಿ ಒಣಗಿಸುವ ಕ್ರಿಯೆ, 'ದಿ ಯಾರ್ಡ್ ಈಸ್ ಡ್ರೈ' ಎಂಬಲ್ಲಿ ಕಣದ ಗುಣ. ಅಕ್ಷರ ಒಂದೇ, ಜಾಗ ಬೇರೆ, ವರ್ಗ ಬೇರೆ. ನಿಘಂಟಿನಲ್ಲಿ ಇಂಥ ಪದಗಳ ಮುಂದೆ ಎರಡು ಮೂರು ವರ್ಗಗಳ ಹೆಸರು ಇರುತ್ತದೆ. ಮೊದಲನೆಯದನ್ನೇ ನಕಲು ಮಾಡಿಕೊಂಡು ಬಂದರೆ ತಪ್ಪುತ್ತದೆ.

ಸರ್ವನಾಮದಲ್ಲಿ ತೊಡಕು ಒಂದೇ. 'ದಿಸ್ ಈಸ್ ಹೆವಿ' ಎಂಬಲ್ಲಿ 'ದಿಸ್' ಒಂಟಿಯಾಗಿ ನಿಂತಿದೆ, ಅದು ಪ್ರೋನೌನ್. 'ದಿಸ್ ಬ್ಯಾಗ್ ಈಸ್ ಹೆವಿ' ಎಂಬಲ್ಲಿ ನಾಮಪದವನ್ನು ಹಿಡಿದುಕೊಂಡಿದೆ, ಅದು ಅಡ್ಜೆಕ್ಟಿವ್ ಕೆಲಸ. 'ಮೈ' ನಾಮಪದದ ಜೊತೆ, 'ಮೈನ್' ಒಂಟಿ. 'ಹರ್' ಎರಡೂ ಕಡೆ ಬರುತ್ತದೆ: 'ಹರ್ ಬ್ಯಾಸ್ಕೆಟ್' ಎಂದರೆ ಅವಳ ಬುಟ್ಟಿ, 'ಕಾಲ್ ಹರ್' ಎಂದರೆ ಅವಳನ್ನು ಕರೆ.

3. ಅಡ್ಜೆಕ್ಟಿವ್ ಮತ್ತು ಅಡ್ವರ್ಬ್

ಅಡ್ಜೆಕ್ಟಿವ್‌ಗೆ ಜಾಗ ಎರಡು. 'ದಿ' ಮತ್ತು ನಾಮಪದದ ನಡುವೆ ಒಂದು, 'ಈಸ್' ಥರದ ಪದದ ನಂತರ ಇನ್ನೊಂದು: 'ದಿ ರೈಪ್ ಚೆರ್ರಿ', 'ದಿ ಚೆರ್ರಿ ಈಸ್ ರೈಪ್'. ಅದರ ಮುಂಚೆ 'ವೆರಿ' ಸೇರಿಸಿ ನೋಡಿ. 'ವೆರಿ ರೈಪ್' ಕೂಡುತ್ತದೆ. 'ಕಾಫಿ ಎಸ್ಟೇಟ್' ಎಂಬಲ್ಲಿ 'ವೆರಿ ಕಾಫಿ' ಕೂಡುವುದಿಲ್ಲ. ಅದು ಇನ್ನೊಂದು ನೌನ್ ಮುಂಚೆ ಕೂತಿರುವ ನೌನ್. ಆದರೆ ಈ ಪರೀಕ್ಷೆ ಎಲ್ಲಕ್ಕೂ ನಡೆಯದು. 'ತ್ರೀ', 'ಹೋಲ್' ಅಡ್ಜೆಕ್ಟಿವ್‌ಗಳೇ, 'ವೆರಿ' ಮಾತ್ರ ಸೇರುವುದಿಲ್ಲ.

ಅಡ್ವರ್ಬ್ ಹೇಗೆ, ಯಾವಾಗ, ಎಲ್ಲಿ, ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎಲ್‌ವೈ ಬಾಲ ಕಂಡರೆ ಅಡ್ವರ್ಬ್ ಎಂದು ಬಹಳ ಕಡೆ ಹೇಳಿಕೊಡುತ್ತಾರೆ. ಈ ಸೂತ್ರವನ್ನು ಪೂರ್ತಿ ನಂಬಬೇಡಿ. 'ಫ್ರೆಂಡ್ಲಿ', 'ಲವ್ಲಿ' ಅಡ್ಜೆಕ್ಟಿವ್‌ಗಳು. 'ಡೈಲಿ ವೇಜಸ್' ಎಂದಾಗ 'ಡೈಲಿ' ಅಡ್ಜೆಕ್ಟಿವ್, 'ದೇ ಕಮ್ ಡೈಲಿ' ಎಂದಾಗ ಅಡ್ವರ್ಬ್. 'ಫಾಸ್ಟ್', 'ಹಾರ್ಡ್', 'ಲೇಟ್' ಪದಗಳಿಗೆ ಬಾಲವೇ ಇಲ್ಲದೆ ಎರಡೂ ಕೆಲಸ ಬರುತ್ತದೆ. ಅವುಗಳಿಗೆ ಬಾಲ ಅಂಟಿಸಲು ಹೋದರೆ ಅರ್ಥವೇ ತಲೆಕೆಳಗಾಗುತ್ತದೆ: 'ಹೀ ವರ್ಕ್ಸ್ ಹಾರ್ಡ್' ಎಂದರೆ ಮೈಮುರಿದು ದುಡಿಯುತ್ತಾನೆ, 'ಹೀ ಹಾರ್ಡ್ಲಿ ವರ್ಕ್ಸ್' ಎಂದರೆ ಕೆಲಸ ಮಾಡುವುದೇ ಅಪರೂಪ. ಒಬ್ಬ ಕೆಲಸಗಾರನ ಬಗ್ಗೆ ಶಿಫಾರಸು ಪತ್ರ ಬರೆಯುವಾಗ ಈ ತಪ್ಪಾದರೆ ಅವನ ಅನ್ನಕ್ಕೇ ಕುತ್ತು.

4. ಸಣ್ಣ ಪದಗಳು: ಪ್ರಿಪೊಸಿಷನ್, ಕಂಜಂಕ್ಷನ್

ಮಡಿಕೇರಿಗೆ, ಮಡಿಕೇರಿಯಿಂದ, ಮಡಿಕೇರಿಯಲ್ಲಿ. ನಮ್ಮ ಈ ವಿಭಕ್ತಿಗಳನ್ನು ಕಿತ್ತು ಪದದ ಮುಂಚೆ ಬೇರೆಯಾಗಿ ಇಟ್ಟರೆ 'ಟು ಮಡಿಕೇರಿ', 'ಫ್ರಮ್ ಮಡಿಕೇರಿ', 'ಇನ್ ಮಡಿಕೇರಿ'. ಪ್ರಿಪೊಸಿಷನ್ ಆದ ಮೇಲೆ ಒಂದು ನಾಮಪದವೋ ಸರ್ವನಾಮವೋ ಇದ್ದೇ ಇರುತ್ತದೆ. ನಮ್ಮ ಒಂದು 'ಅಲ್ಲಿ' ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ 'ಇನ್', 'ಆನ್', 'ಅಟ್' ಮೂರಿವೆ, ಬಸ್ಸಿನಲ್ಲಿ 'ಆನ್ ದಿ ಬಸ್', ಜೀಪಿನಲ್ಲಿ 'ಇನ್ ದಿ ಜೀಪ್'. ಅದು ಬಳಕೆಯಿಂದ ಕಲಿಯಬೇಕಾದದ್ದು, ಗುರುತಿಸಲು ಕಷ್ಟವಿಲ್ಲ.

ಕಷ್ಟ ಇರುವುದು 'ಬಿಫೋರ್', 'ಆಫ್ಟರ್', 'ಸಿನ್ಸ್' ಪದಗಳಲ್ಲಿ. ಪದ ಮುಗಿದ ಮೇಲೆ ಏನಿದೆ ನೋಡಿ. 'ಬಿಫೋರ್ ದಿ ರೇನ್ಸ್' ಎಂದು ಬರಿಯ ನಾಮಪದವಿದ್ದರೆ ಪ್ರಿಪೊಸಿಷನ್. 'ಬಿಫೋರ್ ದಿ ರೇನ್ಸ್ ಕೇಮ್' ಎಂದು ಕರ್ತೃ, ವರ್ಬ್ ಎರಡೂ ಇದ್ದರೆ ಕಂಜಂಕ್ಷನ್. 'ಐ ಹ್ಯಾವ್ ಸೀನ್ ಇಟ್ ಬಿಫೋರ್' ಎಂದು ಮುಂದೆ ಏನೂ ಇಲ್ಲದಿದ್ದರೆ ಅಡ್ವರ್ಬ್. 'ಅಪ್', 'ಡೌನ್', 'ಇನ್' ಪದಗಳಿಗೂ ಇದೇ ಅಳತೆ: 'ದಿ ಜೀಪ್ ವೆಂಟ್ ಅಪ್ ದಿ ಹಿಲ್' ಎಂಬಲ್ಲಿ ಪ್ರಿಪೊಸಿಷನ್, 'ದಿ ಮಿಸ್ಟ್ ಕೇಮ್ ಅಪ್' ಎಂಬಲ್ಲಿ ಅಡ್ವರ್ಬ್.

ಕಂಜಂಕ್ಷನ್ ಬಗ್ಗೆ ಒಂದೇ ಎಚ್ಚರಿಕೆ. 'ಮಳೆ ಬಂದರೂ ಕೂಡ, ಆದರೆ' ಎಂದು ನಾವು ಮಾತಿನಲ್ಲಿ ಎರಡು ಗಂಟು ಹಾಕುವುದುಂಟು. ಇಂಗ್ಲಿಷಿನಲ್ಲಿ 'ಆಲ್ದೋ' ಬಂದರೆ 'ಬಟ್' ಬೇಡ. ಇಂಟರ್ಜೆಕ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ಆಶ್ಚರ್ಯಸೂಚಕವೋ ಅಲ್ಪವಿರಾಮವೋ ಇರುತ್ತದೆ, ತೆಗೆದುಹಾಕಿದರೂ ವಾಕ್ಯ ಕೆಡುವುದಿಲ್ಲ.

5. ಈಗ ಕಾಲ: ಮೊದಲ ಪದ, ಕೊನೆಯ ಬಾಲ

ಹನ್ನೆರಡು ಟೆನ್ಸ್ ಎಂದು ಹೆದರಿ ಪಟ್ಟಿ ಉರು ಹೊಡೆಯುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಅವು ಹನ್ನೆರಡು ಬೇರೆ ಬೇರೆ ಸಂಗತಿಗಳಲ್ಲ, ಮೂರು ಕಾಲ ಮತ್ತು ನಾಲ್ಕು ಸ್ಥಿತಿಗಳ ಗುಣಾಕಾರ.

ವರ್ಬ್ ಗುಂಪನ್ನು, ಅಂದರೆ ಸಹಾಯಕ ಪದಗಳು ಮತ್ತು ಮುಖ್ಯ ವರ್ಬ್ ಸೇರಿದ ಕಟ್ಟನ್ನು, ಒಂದು ಬಣ್ಣದಲ್ಲಿ ಸುತ್ತು ಹಾಕಿ. ಗುಂಪಿನ ಮೊದಲ ಪದ ಕಾಲ ಹೇಳುತ್ತದೆ. 'ಈಸ್', 'ಆರ್', 'ಹ್ಯಾಸ್', 'ಹ್ಯಾವ್', 'ಡಸ್' ಇದ್ದರೆ ವರ್ತಮಾನ. 'ವಾಸ್', 'ವರ್', 'ಹ್ಯಾಡ್', 'ಡಿಡ್' ಇದ್ದರೆ ಭೂತ. 'ವಿಲ್' ಇದ್ದರೆ ಭವಿಷ್ಯತ್. ಗುಂಪಿನಲ್ಲಿ ಒಂದೇ ಪದವಿದ್ದರೆ ಅದರ ರೂಪವೇ ಹೇಳುತ್ತದೆ.

ಉಳಿದ ಭಾಗ ಸ್ಥಿತಿ ಹೇಳುತ್ತದೆ. 'ಬೀ' ಕುಟುಂಬದ, ಅಂದರೆ 'ಈಸ್', 'ಆರ್', 'ವಾಸ್' ಥರದ ಪದ ಮತ್ತು ಐಎನ್‌ಜಿ ಇದ್ದರೆ ಕಂಟಿನ್ಯುಯಸ್, ಕೆಲಸ ನಡೆಯುತ್ತಿದೆ. 'ಹ್ಯಾವ್' ಕುಟುಂಬದ ಪದ ಮತ್ತು ಮೂರನೇ ರೂಪ ಇದ್ದರೆ ಪರ್ಫೆಕ್ಟ್, ಕೆಲಸ ಮುಗಿದಿದೆ ಅಥವಾ ಅದರ ಪರಿಣಾಮ ಉಳಿದಿದೆ. ಮೂರನೇ ರೂಪ ಎಂದರೆ 'ಗೋ, ವೆಂಟ್, ಗಾನ್' ಸಾಲಿನ ಕೊನೆಯದು. 'ಹ್ಯಾವ್ ಬೀನ್' ಮತ್ತು ಐಎನ್‌ಜಿ ಇದ್ದರೆ ಪರ್ಫೆಕ್ಟ್ ಕಂಟಿನ್ಯುಯಸ್, ಹಿಂದೆ ಶುರುವಾದದ್ದು ಇನ್ನೂ ಸಾಗಿದೆ ಅಥವಾ ಈಗಷ್ಟೇ ನಿಂತಿದೆ. ಇವು ಯಾವುದೂ ಇಲ್ಲದಿದ್ದರೆ ಸಿಂಪಲ್.

'ಪಿಕ್' ಎಂಬ ಒಂದು ಪದದ ಮೇಲೆ ಹನ್ನೆರಡನ್ನೂ ಬರೆದುಕೊಳ್ಳಿ.

ವರ್ತಮಾನ: ಪಿಕ್ಸ್, ಈಸ್ ಪಿಕಿಂಗ್, ಹ್ಯಾಸ್ ಪಿಕ್ಡ್, ಹ್ಯಾಸ್ ಬೀನ್ ಪಿಕಿಂಗ್.
ಭೂತ: ಪಿಕ್ಡ್, ವಾಸ್ ಪಿಕಿಂಗ್, ಹ್ಯಾಡ್ ಪಿಕ್ಡ್, ಹ್ಯಾಡ್ ಬೀನ್ ಪಿಕಿಂಗ್.
ಭವಿಷ್ಯತ್: ವಿಲ್ ಪಿಕ್, ವಿಲ್ ಬಿ ಪಿಕಿಂಗ್, ವಿಲ್ ಹ್ಯಾವ್ ಪಿಕ್ಡ್, ವಿಲ್ ಹ್ಯಾವ್ ಬೀನ್ ಪಿಕಿಂಗ್.

ಅಡ್ಡಸಾಲಿನಲ್ಲಿ ಕಾಲ ಒಂದೇ, ನೆಟ್ಟಸಾಲಿನಲ್ಲಿ ಸ್ಥಿತಿ ಒಂದೇ. ಪಟ್ಟಿ ಇಷ್ಟೇ.

ತಪ್ಪುಗಳು ಎಲ್ಲಿ ಆಗುತ್ತವೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಅಂಕ ಹೋಗುವುದು ಇಲ್ಲೇ.

'ಹ್ಯಾಸ್' ಕಂಡ ಕೂಡಲೇ ಪರ್ಫೆಕ್ಟ್ ಎನ್ನಬೇಡಿ. 'ಶೀ ಹ್ಯಾಸ್ ಟೂ ಏಕರ್ಸ್' ಎಂಬಲ್ಲಿ ಮೂರನೇ ರೂಪದ ವರ್ಬ್ ಎಲ್ಲಿದೆ? ಇಲ್ಲ. 'ಹ್ಯಾಸ್' ಇಲ್ಲಿ ಸ್ವತಃ ಮುಖ್ಯ ವರ್ಬ್, ಅರ್ಥ 'ಇದೆ' ಎಂದು. ಆದ್ದರಿಂದ ಸಿಂಪಲ್ ಪ್ರೆಸೆಂಟ್.

ಮೂರನೇ ರೂಪ ಕಂಡ ಕೂಡಲೂ ಪರ್ಫೆಕ್ಟ್ ಎನ್ನಬೇಡಿ. 'ದಿ ಚೆರ್ರಿ ಈಸ್ ಡ್ರೈಡ್ ಹಿಯರ್' ಎಂಬಲ್ಲಿ 'ಬೀ' ಕುಟುಂಬ ಮತ್ತು ಮೂರನೇ ರೂಪ ಸೇರಿದೆ. ಅದು ಪ್ಯಾಸಿವ್, ಅಂದರೆ ಕರ್ಮಣಿ ಪ್ರಯೋಗ. ಕಾಲ ಸಿಂಪಲ್ ಪ್ರೆಸೆಂಟ್. 'ಹ್ಯಾಸ್ ಬೀನ್ ಡ್ರೈಡ್' ಮತ್ತು 'ಹ್ಯಾಸ್ ಬೀನ್ ಡ್ರೈಯಿಂಗ್' ಎರಡನ್ನು ಒಂದರ ಕೆಳಗೊಂದು ಬರೆದು ನೋಡಿ. ಕೊನೆಯ ಬಾಲವೊಂದೇ ವ್ಯತ್ಯಾಸ. ಮೊದಲನೆಯದು ಒಣಗಿಸಿ ಆಗಿದೆ, ಎರಡನೆಯದು ಒಣಗುತ್ತಾ ಬಂದಿದೆ. ಬಾಲ ನೋಡದೆ ಉತ್ತರ ಬರೆಯಬೇಡಿ.

ಗುಂಪಿನ ನಡುವೆ 'ನಾಟ್', 'ಆಲ್ರೆಡಿ', 'ನೆವರ್' ತೂರಿಕೊಳ್ಳುತ್ತವೆ, ಪ್ರಶ್ನೆಯಲ್ಲಿ ಕರ್ತೃವೇ ತೂರಿಕೊಳ್ಳುತ್ತದೆ. 'ಹ್ಯಾಸ್ ಶೀ ಪಿಕ್ಡ್' ಎಂಬಲ್ಲಿ 'ಶೀ'ಯನ್ನು ಪಕ್ಕಕ್ಕೆ ಸರಿಸಿ ಗುಂಪನ್ನು ಓದಿ. 'ಡಿಡ್' ಬಂದಾಗ ಭೂತಕಾಲದ ಗುರುತನ್ನು ಅದೇ ಹೊತ್ತಿರುವುದರಿಂದ ಮುಖ್ಯ ವರ್ಬ್ ಮೂಲರೂಪಕ್ಕೆ ಮರಳುತ್ತದೆ: 'ಡಿಡ್ ನಾಟ್ ಪಿಕ್'. 'ಡಿಡ್ ನಾಟ್ ಪಿಕ್ಡ್' ತಪ್ಪು.

'ಹೀ'ಡ್' ಎಂಬ ಮೊಟಕು ರೂಪ 'ಹ್ಯಾಡ್' ಕೂಡ ಆಗಬಹುದು, 'ವುಡ್' ಕೂಡ. ಮುಂದೆ ಮೂರನೇ ರೂಪವಿದ್ದರೆ 'ಹ್ಯಾಡ್', ಮೂಲರೂಪವಿದ್ದರೆ 'ವುಡ್'.

ರೂಪ ಬೇರೆ, ಸಮಯ ಬೇರೆ ಎಂಬುದನ್ನೂ ನೆನಪಿಡಿ. 'ದಿ ಬಸ್ ಲೀವ್ಸ್ ಅಟ್ ಸೆವೆನ್ ಟುಮಾರೋ' ನಾಳೆಯ ಮಾತು, ರೂಪ ಸಿಂಪಲ್ ಪ್ರೆಸೆಂಟ್. ನಾವೂ 'ನಾಳೆ ಬರ್ತೀನಿ' ಎನ್ನುವಾಗ ವರ್ತಮಾನದ ರೂಪವನ್ನೇ ಬಳಸುತ್ತೇವೆ, ಹಾಗಾಗಿ ಇದು ಅಪರಿಚಿತವಲ್ಲ. 'ಯಾವ ಟೆನ್ಸ್' ಎಂದು ಕೇಳಿದರೆ ರೂಪದ ಹೆಸರು ಬರೆಯಿರಿ. 'ಇಫ್ ಇಟ್ ರೇನ್ಸ್ ಟುಮಾರೋ' ಎಂಬಲ್ಲೂ ಅದೇ. 'ಇಫ್' ಭಾಗದಲ್ಲಿ 'ವಿಲ್' ಬರುವುದಿಲ್ಲ.

6. ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ

ಈ ಕಡೆಯಿಂದ ಒಂದು ಸೇತುವೆ ಇದೆ. ಬರುತ್ತಿದ್ದೇನೆ ಎಂದರೆ 'ಆಮ್ ಕಮಿಂಗ್', ಬಂದಿದ್ದೇನೆ 'ಹ್ಯಾವ್ ಕಮ್', ಬರುತ್ತಿದ್ದೆ 'ವಾಸ್ ಕಮಿಂಗ್', ಬಂದಿದ್ದೆ 'ಹ್ಯಾಡ್ ಕಮ್'. ಬಹಳ ದೂರ ಇದು ಹೊರೆ ತಡೆಯುತ್ತದೆ. ಮೂರು ಕಡೆ ಮುರಿಯುತ್ತದೆ.

'ನಿನ್ನೆ ಮಡಿಕೇರಿಗೆ ಹೋಗಿದ್ದೆ' ಎಂಬುದನ್ನು 'ಐ ಹ್ಯಾಡ್ ಗಾನ್' ಎಂದು ಬರೆಯುವುದು ಮೊದಲನೆಯದು. ಇಂಗ್ಲಿಷಿಗೆ 'ಐ ವೆಂಟ್' ಸಾಕು. 'ಹ್ಯಾಡ್' ಬೇಕಾಗುವುದು ಹಿಂದಿನ ಎರಡು ಘಟನೆಗಳಲ್ಲಿ ಇನ್ನೂ ಹಿಂದಿನದನ್ನು ತೋರಿಸಲು: ನಾನು ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು, 'ದಿ ಬಸ್ ಹ್ಯಾಡ್ ಲೆಫ್ಟ್'. ಅಂತೆಯೇ ಮುಗಿದ ಕಾಲದ ಗುರುತು ಇದ್ದರೆ, ಅಂದರೆ 'ಯೆಸ್ಟರ್ಡೇ', 'ಅಗೋ', ಹಿಂದಿನ ಇಸವಿ ಇದ್ದರೆ 'ಹ್ಯಾಸ್' ಬರುವುದಿಲ್ಲ. ಕೊಡಗು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 'ಹ್ಯಾಸ್ ಜಾಯಿನ್ಡ್ ಇನ್ 1956' ತಪ್ಪು, 'ಜಾಯಿನ್ಡ್' ಸರಿ. ಜನರಲ್ ತಿಮ್ಮಯ್ಯ 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು, 'ವಾಸ್ ಬಾರ್ನ್'. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ, ಇದು ಇಸವಿಯಿಲ್ಲದ ನಿತ್ಯಸತ್ಯ. 'ದಿ ಕಾವೇರಿ ರೈಸಸ್ ಅಟ್ ತಲಕಾವೇರಿ', ಸಿಂಪಲ್ ಪ್ರೆಸೆಂಟ್.

ಎರಡನೆಯದು 'ನನಗೆ ಗೊತ್ತಿದೆ', 'ನಮಗೆ ತೋಟ ಇದೆ' ಎಂಬವು. 'ಐ ಆಮ್ ನೋಯಿಂಗ್', 'ವಿ ಆರ್ ಹ್ಯಾವಿಂಗ್ ಆನ್ ಎಸ್ಟೇಟ್' ಎಂದು ಬರೆಯಬೇಡಿ. ತಿಳಿವು, ಒಡೆತನ ಹೇಳುವ 'ನೋ', 'ಓನ್', 'ಬಿಲಾಂಗ್' ಪದಗಳಿಗೆ ಐಎನ್‌ಜಿ ಬಾಲ ಹಿಡಿಸುವುದಿಲ್ಲ. 'ಹ್ಯಾವ್' ಮಾತ್ರ ಊಟಕ್ಕೆ ಬಂದಾಗ ಒಪ್ಪುತ್ತದೆ: 'ವಿ ಆರ್ ಹ್ಯಾವಿಂಗ್ ಲಂಚ್'.

ಮೂರನೆಯದು 'ಹತ್ತು ವರ್ಷದಿಂದ ಇಲ್ಲಿದ್ದೇವೆ'. ಕನ್ನಡದಲ್ಲಿ ವರ್ತಮಾನ, ಇಂಗ್ಲಿಷಿನಲ್ಲಿ ಪರ್ಫೆಕ್ಟ್: 'ವಿ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್'. ಅವಧಿಗೆ 'ಫಾರ್', ಶುರುವಾದ ಗಳಿಗೆಗೆ 'ಸಿನ್ಸ್'. 'ಸಿನ್ಸ್ ಟೆನ್ ಇಯರ್ಸ್' ಎಂಬ ತಪ್ಪು ಎಷ್ಟು ಸಾಮಾನ್ಯವೆಂದರೆ ಹೋಂಸ್ಟೇ ಬೋರ್ಡುಗಳಲ್ಲೂ ನೋಡಬಹುದು.

7. ಒಂದು ತುಣುಕು ಪೂರ್ತಿ ಬಿಡಿಸೋಣ

'ಅವರ್ ಎಸ್ಟೇಟ್ ಹ್ಯಾಡ್ ವೇಟೆಡ್ ಫಾರ್ ರೇನ್ ಸಿನ್ಸ್ ಫೆಬ್ರವರಿ. ಇಟ್ ರೇನ್ಡ್ ಹೆವಿಲಿ ಲಾಸ್ಟ್ ವೀಕ್. ದಿ ಫ್ಲವರ್ಸ್ ಆರ್ ಓಪನಿಂಗ್ ನೌ, ಆ್ಯಂಡ್ ದಿ ಹೋಲ್ ಎಸ್ಟೇಟ್ ಸ್ಮೆಲ್ಸ್ ಸ್ವೀಟ್.' ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ವಾರದ ಮೇಲಿನ ಮಾತು.

ವರ್ಬ್ ಗುಂಪುಗಳು ನಾಲ್ಕು. 'ಹ್ಯಾಡ್ ವೇಟೆಡ್' ಪಾಸ್ಟ್ ಪರ್ಫೆಕ್ಟ್, ಮಳೆಗಿಂತ ಹಿಂದಿನ ಕಾಯುವಿಕೆ. 'ರೇನ್ಡ್' ಸಿಂಪಲ್ ಪಾಸ್ಟ್. 'ಆರ್ ಓಪನಿಂಗ್' ಪ್ರೆಸೆಂಟ್ ಕಂಟಿನ್ಯುಯಸ್. 'ಸ್ಮೆಲ್ಸ್' ಸಿಂಪಲ್ ಪ್ರೆಸೆಂಟ್.

'ಅವರ್', 'ಲಾಸ್ಟ್', 'ಹೋಲ್' ಅಡ್ಜೆಕ್ಟಿವ್‌ಗಳು, 'ಎಸ್ಟೇಟ್', 'ಫೆಬ್ರವರಿ', 'ವೀಕ್', 'ಫ್ಲವರ್ಸ್' ನೌನ್‌ಗಳು. ಮೊದಲ ವಾಕ್ಯದ 'ರೇನ್' ಕೂಡ ನೌನ್, ಮುಂಚೆ 'ಫಾರ್' ಎಂಬ ಪ್ರಿಪೊಸಿಷನ್ ಇದೆ. 'ಸಿನ್ಸ್' ಆದ ಮೇಲೆ ಬರಿಯ ನಾಮಪದವಿದೆ, ಆದ್ದರಿಂದ ಅದೂ ಪ್ರಿಪೊಸಿಷನ್. 'ಇಟ್' ಯಾವುದನ್ನೂ ಸೂಚಿಸುವುದಿಲ್ಲ, ಕರ್ತೃವಿನ ಜಾಗ ಖಾಲಿ ಬಿಡಬಾರದೆಂದು ಇಟ್ಟ ಪ್ರೋನೌನ್. 'ಮಳೆ ಬಂತು' ಎನ್ನುವ ನಮಗೆ ಇದರ ಅಗತ್ಯವೇ ಬೀಳುವುದಿಲ್ಲ. 'ಹೆವಿಲಿ' ಮಳೆ ಹೇಗೆ ಬಂತೆಂದು ಹೇಳುವ ಅಡ್ವರ್ಬ್, 'ನೌ' ಯಾವಾಗ ಎಂದು ಹೇಳುವ ಅಡ್ವರ್ಬ್, 'ಆ್ಯಂಡ್' ಕಂಜಂಕ್ಷನ್.

ಕೊನೆಯ 'ಸ್ವೀಟ್' ಬಳಿ ಹುಷಾರು. ವರ್ಬ್ ಆದ ಮೇಲೆ ಬಂದಿದೆ ಎಂದು ಅಡ್ವರ್ಬ್ ಎನ್ನಬೇಡಿ. 'ಸ್ಮೆಲ್ಸ್' ಜಾಗದಲ್ಲಿ 'ಈಸ್' ಇಟ್ಟು ನೋಡಿ: 'ದಿ ಎಸ್ಟೇಟ್ ಈಸ್ ಸ್ವೀಟ್' ಕೂಡುತ್ತದೆ. ಹಾಗೆ ಕೂಡಿದರೆ ಅದು ತೋಟದ ಗುಣ ಹೇಳುವ ಅಡ್ಜೆಕ್ಟಿವ್. 'ಲುಕ್', 'ಟೇಸ್ಟ್', 'ಫೀಲ್' ಪದಗಳಿಗೂ ಈ ಪರೀಕ್ಷೆಯನ್ನೇ ಮಾಡಿ.

8. ನಿಮ್ಮ ಸರದಿ

ದಿನಕ್ಕೆ ಐದು ವಾಕ್ಯ, ಹದಿನೈದು ನಿಮಿಷ. ಮೂರು ವಾರ ಬಿಡದೆ ಮಾಡಿ. ಮೊದಲ ದಿನಕ್ಕೆ ಇವು. ಉತ್ತರ ಕೆಳಗಿದೆ, ಬರೆದ ಮೇಲೆ ನೋಡಿ.

ಒಂದು, 'ದಿ ಲೇಟ್ ಬಸ್ ಕೇಮ್ ಲೇಟ್ ಅಗೇನ್.' ಎರಡು, 'ದಿ ಪೆಪರ್ ಹ್ಯಾಸ್ ಬೀನ್ ಡ್ರೈಯಿಂಗ್ ಸಿನ್ಸ್ ಮಂಡೇ.' ಮೂರು, 'ದಿ ಪೆಪರ್ ಹ್ಯಾಸ್ ಬೀನ್ ಡ್ರೈಡ್.' ನಾಲ್ಕು, 'ಹೀ ಪುಟ್ ದಿ ಲ್ಯಾಡರ್ ಅಪ್.' ಐದು, 'ಶೀ ಈಸ್ ಕೌಂಟಿಂಗ್ ದಿ ಬ್ಯಾಗ್ಸ್ ಬಿಕಾಸ್ ದಿ ಲಾರಿ ಲೀವ್ಸ್ ಅಟ್ ಸಿಕ್ಸ್.'

ಒಂದರಲ್ಲಿ ಮೊದಲ 'ಲೇಟ್' ಅಡ್ಜೆಕ್ಟಿವ್, ಎರಡನೆಯದು ಅಡ್ವರ್ಬ್. 'ಕೇಮ್' ಸಿಂಪಲ್ ಪಾಸ್ಟ್. ಎರಡು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್, 'ಸಿನ್ಸ್' ಪ್ರಿಪೊಸಿಷನ್. ಮೂರು ಪ್ರೆಸೆಂಟ್ ಪರ್ಫೆಕ್ಟ್, ಪ್ಯಾಸಿವ್. ನಾಲ್ಕರಲ್ಲಿ 'ಹೀ' ಇದ್ದರೂ 'ಪುಟ್' ಪದಕ್ಕೆ ಎಸ್ ಇಲ್ಲ, ಆದ್ದರಿಂದ ಸಿಂಪಲ್ ಪಾಸ್ಟ್, 'ಅಪ್' ಅಡ್ವರ್ಬ್. ಐದರಲ್ಲಿ 'ಈಸ್ ಕೌಂಟಿಂಗ್' ಪ್ರೆಸೆಂಟ್ ಕಂಟಿನ್ಯುಯಸ್, 'ಬಿಕಾಸ್' ಕಂಜಂಕ್ಷನ್. 'ಲೀವ್ಸ್' ಎಂದರೆ ಎಲೆಗಳು ಎಂದು ಬರೆದಿದ್ದರೆ ವಾಕ್ಯವನ್ನು ಮತ್ತೊಮ್ಮೆ ನಿನ್ನೆಗೆ ತಳ್ಳಿ. 'ಲೆಫ್ಟ್' ಆಗುತ್ತದೆ. ಅದು ವರ್ಬ್, ರೂಪ ಸಿಂಪಲ್ ಪ್ರೆಸೆಂಟ್, ಲಾರಿ ಇನ್ನೂ ಹೊರಟಿಲ್ಲ.